ನಾಲ್ಕು ಪದದ ಮೇಲಚ್ಚು: ಬಾಗ್ದಾದ್, 1917

ಮೊದಲು ಚೀಟಿಯನ್ನೇ ನೋಡೋಣ. ನೀಲಿ ಬಣ್ಣ. ನಡುವೆ ಮಿನಾರುಗಳಿರುವ ದೊಡ್ಡ ಮಸೀದಿ. ಅದು ಇಸ್ತಾಂಬುಲ್ಲಿನ ಸುಲ್ತಾನ್ ಅಹ್ಮದ್ ಮಸೀದಿ. ಜೊತೆಗೆ ಅರಬ್ಬಿ ಲಿಪಿಯಲ್ಲಿ ತುರ್ಕಿ ಬರಹ. ಬೆಲೆ ತುರ್ಕಿ ದುಡ್ಡಿನಲ್ಲಿ ಒಂದು ಪಿಯಾಸ್ತರ್. 1914ರಲ್ಲಿ ತುರ್ಕರ ಆಟೋಮನ್ ಸರ್ಕಾರ ಹೊರತಂದ ಅಂಚೆಚೀಟಿ ಇದು. ಅದರ ಮೇಲೆ ಬೇರೆ ಕೈ, ಬೇರೆ ಶಾಯಿಯಲ್ಲಿ ಇಂಗ್ಲಿಷಿನ ನಾಲ್ಕು ಪದ ಒತ್ತಿದೆ: ಬಾಗ್ದಾದ್ ಇನ್ ಬ್ರಿಟಿಷ್ ಆಕ್ಯುಪೇಷನ್. ಬ್ರಿಟಿಷರ ವಶದಲ್ಲಿರುವ ಬಾಗ್ದಾದ್ ಅಂತ ಅರ್ಥ. ಪಕ್ಕದಲ್ಲಿ ಹೊಸ ಬೆಲೆ: 2 ಆಣೆ.

ಬಾಗ್ದಾದಿನಲ್ಲಿ ಆಣೆ ಎಲ್ಲಿಂದ ಬಂತು? ನಮ್ಮ ಅಜ್ಜಂದಿರು ಸಂತೆಯಲ್ಲಿ ಎಣಿಸಿದ ಆಣೆಯೇ ಅದು. ನಾಲ್ಕಾಣೆ, ಎಂಟಾಣೆ ಅಂತ ಈಗಲೂ ಬಾಯಿಗೆ ಬರುವ ಆಣೆ. ತುರ್ಕಿಯ ಚೀಟಿ, ಇಂಗ್ಲಿಷ್ ಮಾತು, ಇಂಡಿಯಾದ ದುಡ್ಡು. ಮೂರೂ ಒಂದೇ ತುಂಡು ಕಾಗದದ ಮೇಲೆ. ಈ ಚೀಟಿಯ ಹಿಂದೆ ನಾನು ಬಿದ್ದದ್ದು ಆ ಆಣೆಯಿಂದ. ಬಿಡಲಾಗದೆ ಉಳಿದದ್ದು ನಾಲ್ಕನೇ ಪದದಿಂದ.

ಅಚ್ಚಾಗಿ ಮುಗಿದ ಚೀಟಿಯ ಮೇಲೆ ಮತ್ತೊಮ್ಮೆ ಅಚ್ಚು ಹಾಕಿದರೆ ಸಂಗ್ರಹಕಾರರು ಓವರ್‌ಪ್ರಿಂಟ್ ಅನ್ನುತ್ತಾರೆ. ಇಲ್ಲಿ ಮೇಲಚ್ಚು ಅಂತ ಕರೆಯುತ್ತೇನೆ. ಬೆಲೆಯೂ ಬದಲಾದರೆ ಅದು ಸರ್‌ಚಾರ್ಜ್. ಗೆದ್ದ ಊರಿನ ಚೀಟಿಯ ಮೇಲೆ ಗೆದ್ದವರು ಅಚ್ಚು ಹಾಕುವುದು ಬಾಗ್ದಾದಿನಲ್ಲೇ ಶುರುವಾದದ್ದಲ್ಲ. 1900ರಲ್ಲಿ ದಕ್ಷಿಣ ಆಫ್ರಿಕಾದ ಆರೆಂಜ್ ಫ್ರೀ ಸ್ಟೇಟ್ ಬಿದ್ದಾಗ ಅದರ ಚೀಟಿಗಳ ಮೇಲೆ ವಿ.ಆರ್.ಐ. ಅಂತ ಬಿತ್ತು. ವಿಕ್ಟೋರಿಯಾ ರಾಣಿಯ ಬಿರುದಿನ ಮೊದಲಕ್ಷರಗಳು ಅವು. 1914ರಲ್ಲಿ ಜರ್ಮನರ ಸಮೋವಾ ದ್ವೀಪಗಳ ಚೀಟಿಗೆ ಜಾರ್ಜ್ ದೊರೆಯ ಜಿ.ಆರ್.ಐ. ಬಿತ್ತು. ಅಲ್ಲೆಲ್ಲ ದೊರೆಯ ಹೆಸರಿದೆ. ಬಾಗ್ದಾದಿನ ಚೀಟಿಯಲ್ಲಿ ದೊರೆಯ ಹೆಸರಿಲ್ಲ. ಅಲ್ಲಿರುವುದು ಒಂದು ಸ್ಥಿತಿಯ ಹೆಸರು. ಈ ವ್ಯತ್ಯಾಸ ಮುಖ್ಯ. ಮುಂದೆ ಅದಕ್ಕೆ ಬರುತ್ತೇನೆ.

ಬಾಗ್ದಾದಿಗೂ ಇಂಡಿಯಾದ ಅಂಚೆಗೂ ನಂಟು ಹಳೆಯದು. 1868ರಲ್ಲೇ ಬಾಗ್ದಾದ್ ಮತ್ತು ಬಸ್ರಾದಲ್ಲಿ ಇಂಡಿಯಾದ ಅಂಚೆ ಕಚೇರಿಗಳು ತೆರೆದಿದ್ದವು. ಊರು ಸುಲ್ತಾನನದು, ಅಂಚೆ ಕಚೇರಿ ಮಾತ್ರ ಇಂಡಿಯಾದ್ದು. ಅಲ್ಲಿ ವಿಕ್ಟೋರಿಯಾ ರಾಣಿಯ ಮುಖದ ನಮ್ಮ ಚೀಟಿಗಳೇ ಮಾರಾಟವಾಗುತ್ತಿದ್ದವು. ಮುಂಬೈ ಜೊತೆ ವ್ಯಾಪಾರ ಮಾಡುವವರಿಗೆ ಇದು ಅನುಕೂಲ. ಆಟೋಮನ್ ಸಾಮ್ರಾಜ್ಯದಲ್ಲಿ ಯೂರೋಪಿನ ದೇಶಗಳಿಗೆ ಬಹಳ ಕಾಲದಿಂದ ವಿಶೇಷ ಸವಲತ್ತುಗಳಿದ್ದವು. ಅವುಗಳ ನೆರಳಿನಲ್ಲಿ ಇಂಥ ಪರದೇಶಿ ಅಂಚೆಗಳು ನಡೆಯುತ್ತಿದ್ದವು. ತಮ್ಮ ನೆಲದಲ್ಲಿ ಬೇರೆಯವರ ಅಂಚೆ ಇರುವುದು ತುರ್ಕರಿಗೆ ಅವಮಾನವೇ ಆಗಿತ್ತು. 1914ರಲ್ಲಿ ಯೂರೋಪಿನಲ್ಲಿ ಯುದ್ಧ ಹೊತ್ತಿಕೊಂಡಿತು. ತುರ್ಕಿ ಸರ್ಕಾರ ಆ ಸವಲತ್ತುಗಳನ್ನೆಲ್ಲ ರದ್ದು ಮಾಡಿತು. ಅಕ್ಟೋಬರ್ 1ರ ಹೊತ್ತಿಗೆ ಬಾಗ್ದಾದಿನ ಇಂಡಿಯಾ ಅಂಚೆಗೂ ಬೀಗ ಬಿತ್ತು.

ಇಂಡಿಯಾದ ಅಂಚೆ ಮತ್ತೆ ಬರುವಾಗ ಸೇನೆಯ ಜೊತೆ ಬಂತು. 1914ರ ನವೆಂಬರ್ 6ರಂದು ಇಂಡಿಯಾದಿಂದ ಹೊರಟ ಪಡೆ ಪರ್ಷಿಯನ್ ಕೊಲ್ಲಿಯ ತುದಿಯ ಫಾವ್‌ನಲ್ಲಿ ಇಳಿಯಿತು. 22ಕ್ಕೆ ಬಸ್ರಾ ಕೈಸೇರಿತು. ಈ ಪಡೆಗೆ ಇಂಡಿಯನ್ ಎಕ್ಸ್‌ಪೆಡಿಷನರಿ ಫೋರ್ಸ್ 'ಡಿ' ಅಂತ ಹೆಸರು. ಫ್ರಾನ್ಸಿಗೆ ಹೋದದ್ದು 'ಎ', ಪೂರ್ವ ಆಫ್ರಿಕಾಕ್ಕೆ ಹೋದದ್ದು 'ಬಿ'. ಇವರ ಜೊತೆ ಇಂಡಿಯಾದ ಅಂಚೆ ಇಲಾಖೆಯ ಸಿಬ್ಬಂದಿಯೂ ಹೋದರು. ಅವರ ಪೆಟ್ಟಿಗೆಯಲ್ಲಿದ್ದದ್ದು ಐದನೇ ಜಾರ್ಜ್ ಮುಖದ ಇಂಡಿಯಾ ಚೀಟಿಗಳು. ಮೇಲೆ ಐ.ಇ.ಎಫ್. ಅಂತ ಅಚ್ಚು. 3 ಪೈಯಿಂದ ಒಂದು ರೂಪಾಯಿವರೆಗೆ ಹತ್ತು ಬೆಲೆಗಳು. ಬೆಂಗಳೂರಿನಲ್ಲಿ ನೆಲೆಯಿದ್ದ ಮದ್ರಾಸ್ ಸ್ಯಾಪರ್ಸ್ ಪಡೆಯ ಕಂಪನಿಗಳೂ ಮೆಸೊಪೊಟೇಮಿಯಾಕ್ಕೆ, ಅಂದರೆ ಈಗಿನ ಇರಾಕಿಗೆ, ಹೋಗಿದ್ದವು. ಸೇತುವೆ ಕಟ್ಟುವುದು, ದಾರಿ ಮಾಡುವುದು ಅವರ ಕೆಲಸ.

ಇಲ್ಲಿ ಒಂದು ಮಾತು. ಮೇಲಚ್ಚು ಕಂಡ ಕೂಡಲೇ ಯಾರೋ ಯಾರದೋ ಊರು ಹಿಡಿದರು ಅಂತ ತಿಳಿಯಬಾರದು. ಐ.ಇ.ಎಫ್. ಅಚ್ಚು ಇಂಡಿಯಾದ ಚೀಟಿಯ ಮೇಲೇ ಇತ್ತು. ಸೈನಿಕರ ಅಂಚೆಯನ್ನು ಗುರುತಿಸುವುದಕ್ಕೆ ಅಷ್ಟೇ. 1953ರಲ್ಲಿ ಕೊರಿಯಾ ಯುದ್ಧದ ಕೈದಿಗಳನ್ನು ಕಾಯಲು ನಮ್ಮ ಕಾವಲು ಪಡೆ ಹೋದಾಗಲೂ ಇಂಡಿಯಾದ ಚೀಟಿಗಳ ಮೇಲೆ ನಾಗರಿಯಲ್ಲಿ ಆ ಪಡೆಯ ಹೆಸರು ಅಚ್ಚಾಯಿತು. ಆ ಕೈದಿಗಳ ವಿಷಯ ನೋಡಿಕೊಂಡ ತಟಸ್ಥ ದೇಶಗಳ ಆಯೋಗಕ್ಕೆ ಕೊಡಗಿನ ತಿಮ್ಮಯ್ಯನವರೇ ಅಧ್ಯಕ್ಷರು. ಅದು ಊರು ಗೆದ್ದ ಅಚ್ಚಲ್ಲ. ಹಾಗಾಗಿ ಮೊದಲು ನೋಡಬೇಕಾದ್ದು ಅಚ್ಚು ಯಾರ ಚೀಟಿಯ ಮೇಲೆ ಬಿದ್ದಿದೆ ಅನ್ನುವುದನ್ನು. ತಮ್ಮ ಚೀಟಿಯ ಮೇಲೆ ತಾವೇ ಹಾಕಿದರೆ ಒಂದು ಅರ್ಥ, ಸೋತವರ ಚೀಟಿಯ ಮೇಲೆ ಗೆದ್ದವರು ಹಾಕಿದರೆ ಇನ್ನೊಂದು ಅರ್ಥ.

ಬಸ್ರಾದಿಂದ ಬಾಗ್ದಾದಿಗೆ ಹೋಗುವುದು ಸುಲಭವಾಗಲಿಲ್ಲ. ಮೊದಲ ಪ್ರಯತ್ನ ಕುತ್ ಊರಿನಲ್ಲಿ ಮುಗಿಯಿತು. 1915ರ ಡಿಸೆಂಬರ್‌ನಲ್ಲಿ ಶುರುವಾದ ಮುತ್ತಿಗೆ 1916ರ ಏಪ್ರಿಲ್ 29ರವರೆಗೆ ನಡೆಯಿತು. ತಿನ್ನಲು ಏನೂ ಉಳಿಯದೆ ಸುಮಾರು 13,000 ಮಂದಿ ಶರಣಾದರು. ಅವರಲ್ಲಿ ಹೆಚ್ಚಿನವರು ಇಂಡಿಯಾದವರು. ಮರುಭೂಮಿಯಲ್ಲಿ ನಡೆಸಿಕೊಂಡು ಹೋದ ಆ ಕೈದಿಗಳಲ್ಲಿ ಎಷ್ಟೋ ಮಂದಿ ದಾರಿಯಲ್ಲೇ ಸತ್ತರು. ಮುಂದಿನ ವರ್ಷ ಬ್ರಿಟಿಷ್ ಸೇನಾಪತಿ ಜನರಲ್ ಮಾಡ್ ಹೊಸ ಪಡೆಯೊಂದಿಗೆ ಟೈಗ್ರಿಸ್ ನದಿಯಗುಂಟ ಮೇಲಕ್ಕೆ ಹೋದರು. 1917ರ ಮಾರ್ಚ್ 11ರಂದು ಬಾಗ್ದಾದ್ ಸಿಕ್ಕಿತು.

ಎಂಟು ದಿನದ ಮೇಲೆ ಮಾಡ್ ಹೆಸರಿನಲ್ಲಿ ಒಂದು ಘೋಷಣೆ ಹೊರಬಿತ್ತು. ಅದನ್ನು ಬರೆದವರು ಮಾರ್ಕ್ ಸೈಕ್ಸ್. ಅರಬ್ ನಾಡನ್ನು ಬ್ರಿಟನ್ ಮತ್ತು ಫ್ರಾನ್ಸ್ ನಡುವೆ ಗುಟ್ಟಾಗಿ ಹಂಚಿಕೊಂಡ ಒಪ್ಪಂದದಲ್ಲಿ ಹೆಸರಿರುವ ಅದೇ ಸೈಕ್ಸ್. ನಮ್ಮ ಸೇನೆಗಳು ನಿಮ್ಮ ಊರುಗಳಿಗೆ ಗೆದ್ದವರಾಗಿಯೋ ಶತ್ರುಗಳಾಗಿಯೋ ಬಂದಿಲ್ಲ, ಬಿಡಿಸುವವರಾಗಿ ಬಂದಿವೆ ಅನ್ನುವುದು ಆ ಘೋಷಣೆಯ ಸಾರ. ಈ ಮಾತನ್ನು ನೆನಪಿಡಿ. ಆರು ತಿಂಗಳೊಳಗೆ ಅದೇ ಆಡಳಿತ ಅಂಚೆಚೀಟಿಯ ಮೇಲೆ ಬೇರೆ ಪದ ಅಚ್ಚು ಹಾಕಿತು.

ಚೀಟಿಗೆ ಮೇಲಚ್ಚು ಯಾಕೆ ಬೇಕು? ಹಳೆಯದನ್ನು ಹಾಗೇ ಮಾರಬಹುದಲ್ವಾ? ಆಗದು. ತುರ್ಕಿ ಚೀಟಿ ಊರಿನಲ್ಲಿ ಎಲ್ಲರ ಹತ್ತಿರವೂ ಇರುತ್ತದೆ. ಓಡಿಹೋದ ಸರ್ಕಾರದ ಹತ್ತಿರ ಕಂತೆಗಟ್ಟಲೆ ಇರುತ್ತದೆ. ಅದಕ್ಕೆ ಬೆಲೆ ಕೊಟ್ಟರೆ ಹೊಸ ಆಡಳಿತ ಕಾಸು ಪಡೆಯದೇ ಕಾಗದ ಸಾಗಿಸಿದ ಹಾಗಾಗುತ್ತದೆ. ಇನ್ನು, ದುಡ್ಡೇ ಬದಲಾಗಿತ್ತು. ಸೇನೆ ಸಂಬಳ ಕೊಡುತ್ತಿದ್ದದ್ದು ರೂಪಾಯಿಯಲ್ಲಿ. ಸಾಮಾನು ಕೊಳ್ಳುತ್ತಿದ್ದದ್ದೂ ರೂಪಾಯಿಯಲ್ಲಿ. ಪಿಯಾಸ್ತರ್ ಮತ್ತು ಪಾರಾ ಲೆಕ್ಕದ ಚೀಟಿಯನ್ನು ಆಣೆಯ ಗಿರಾಕಿಗೆ ಮಾರುವುದು ಹೇಗೆ? ಅಚ್ಚು ಬಿದ್ದರೆ ಎರಡೂ ತೊಂದರೆ ತೀರುತ್ತದೆ. ಅಚ್ಚಿರುವುದು ನಡೆಯುತ್ತದೆ, ಇಲ್ಲದ್ದು ನಡೆಯುವುದಿಲ್ಲ. ಅಚ್ಚುಮೊಳೆ ಜೋಡಿಸುವವನೊಬ್ಬ, ಒಂದು ಮುದ್ರಣ ಯಂತ್ರ ಇದ್ದರೆ ಸಾಕು. ಲಂಡನ್ನಿನಿಂದ ಹೊಸ ಚೀಟಿ ಬರುವವರೆಗೆ ತಿಂಗಳುಗಟ್ಟಲೆ ಕಾಯಬೇಕಾಗಿಲ್ಲ.

ಇಷ್ಟು ವ್ಯವಹಾರದ ಕಾರಣ. ಇದೇ ಪೂರ್ತಿ ಕಾರಣ ಅಂತ ನನಗೆ ಅನ್ನಿಸುವುದಿಲ್ಲ. ಐ.ಇ.ಎಫ್. ಚೀಟಿಗಳು ಆಗಲೇ ಕೈಯಲ್ಲಿದ್ದವು. ಕಾಗದ ಸಾಗಿಸಲು ಅವೇ ಸಾಕಾಗಿದ್ದವು. ಆದರೂ ತುರ್ಕಿ ಚೀಟಿಯನ್ನು ಹುಡುಕಿ ಅಚ್ಚು ಹಾಕಿದರು ಅಂದರೆ ಅದನ್ನು ನಾಲ್ಕು ಜನ ನೋಡಬೇಕು ಅನ್ನುವ ಆಸೆಯೂ ಇತ್ತು.

ಅಚ್ಚಾದ ಚೀಟಿಗಳು ಹೊರಬಂದದ್ದು 1917ರ ಸೆಪ್ಟೆಂಬರ್ 1ರಂದು. ಬೆಲೆಗಳು ನಾಲ್ಕೇ: ಕಾಲಾಣೆ, ಅರ್ಧಾಣೆ, ಒಂದಾಣೆ, ಎರಡಾಣೆ. ಆದರೆ ಚೀಟಿಯ ಬಗೆಗಳು 25ಕ್ಕೆ ಕಡಿಮೆಯಿಲ್ಲ. ಇದು ಯಾಕೆ ಹೀಗೆ ಅಂತ ಒಂದು ಕ್ಷಣ ಯೋಚಿಸಿ. ತುಂಬಿದ ಉಗ್ರಾಣ ಸಿಕ್ಕಿದ್ದರೆ ನಾಲ್ಕು ಬೆಲೆಗೆ ನಾಲ್ಕು ಬಗೆ ಸಾಕಿತ್ತು. ಇಲ್ಲಿ ಸಿಕ್ಕಿದ್ದು ಚೂರುಪಾರು. 1914ರ ಹೊಸ ಚಿತ್ರದ ಚೀಟಿ ಸ್ವಲ್ಪ, ಹಳೆ ಕಾಲದ ಸುಲ್ತಾನನ ತುಘ್ರಾ ಅಂಕಿತದ ಚೀಟಿ ಸ್ವಲ್ಪ, 1916ರಲ್ಲಿ ಇಸ್ತಾಂಬುಲ್ ನಗರದ ಅಂಚೆಗೆ 50 ವರ್ಷ ತುಂಬಿದ ನೆನಪಿಗೆ ತಂದದ್ದು ಸ್ವಲ್ಪ. ಯಾವ ಮೂಲೆಯಲ್ಲಿ ಏನು ಉಳಿದಿತ್ತೋ ಅದೆಲ್ಲ ಯಂತ್ರದ ಕೆಳಗೆ ಹೋಯಿತು.

ಅವುಗಳಲ್ಲಿ ಒಂದು ಅರ್ಧಾಣೆಯದು ನನಗೆ ಬಹಳ ಕಾಡುತ್ತದೆ. ಹಸಿರು ಬಣ್ಣದ 10 ಪಾರಾ ಚೀಟಿ. ಚಿತ್ರದಲ್ಲಿ ಎಡಿರ್ನೆ ಊರಿನ ಸೆಲೀಮ್ ಮಸೀದಿ. ಬಾಲ್ಕನ್ ಯುದ್ಧದಲ್ಲಿ ತುರ್ಕರು ಆ ಊರನ್ನು ಕಳೆದುಕೊಂಡಿದ್ದರು. 1913ರಲ್ಲಿ ಮತ್ತೆ ಗೆದ್ದುಕೊಂಡರು. ಆ ಸಂತೋಷಕ್ಕೆ ತಂದ ಚೀಟಿ ಅದು. ಕಳೆದುಹೋದ ಊರು ವಾಪಸು ಸಿಕ್ಕಿತು ಅಂತ ಹೇಳುವ ಚೀಟಿಯ ಮೇಲೇ ಇನ್ನೊಂದು ಊರು ಕೈತಪ್ಪಿದ ಸುದ್ದಿ ಅಚ್ಚಾಗಿದೆ.

ಇನ್ನು ಕೆಲವು ಚೀಟಿಗಳಲ್ಲಿ ಮೇಲಚ್ಚಿನ ಮೇಲೆ ಮೇಲಚ್ಚು. ಯುದ್ಧ ಬಂದ ಮೇಲೆ ತುರ್ಕಿಗೂ ಚೀಟಿಯ ಅಭಾವ ಆಗಿತ್ತು. 1914ರ ಚೀಟಿಗಳನ್ನು ಅಚ್ಚು ಹಾಕುತ್ತಿದ್ದದ್ದು ಲಂಡನ್ನಿನ ಬ್ರಾಡ್‌ಬರಿ ವಿಲ್ಕಿನ್ಸನ್ ಕಂಪನಿ. ಲಂಡನ್ ಈಗ ಶತ್ರುವಿನ ಊರು. ಹಾಗಾಗಿ ತುರ್ಕರು ಹಳೆ ದಾಸ್ತಾನು ಹೊರತೆಗೆದು ಅದರ ಮೇಲೆ ಚಂದ್ರ ಮತ್ತು ನಕ್ಷತ್ರದ ಗುರುತು ಒತ್ತಿ ಮಾರಿದರು. ಅಂಥವೂ ಬಾಗ್ದಾದಿನಲ್ಲಿ ಸಿಕ್ಕವು. ಕೆಳಗೆ ತುಘ್ರಾ, ಅದರ ಮೇಲೆ ಚಂದ್ರ, ಅದರ ಮೇಲೆ ಇಂಗ್ಲಿಷಿನ ನಾಲ್ಕು ಪದ. ಭೂತಗನ್ನಡಿ ಹಿಡಿದು ನೋಡಿದರೆ ಮೂರು ಪದರವೂ ಕಾಣುತ್ತದೆ. ಯುದ್ಧದ ಮೂರು ವರ್ಷ ಒಂದರ ಮೇಲೊಂದು ಕೂತಿದೆ.

ಈ ಚೀಟಿಗಳನ್ನು ನೋಡುವವರು ಬಣ್ಣವನ್ನು ಮರೆಯಬಾರದು. 1897ರ ವಾಷಿಂಗ್ಟನ್ ಸಮ್ಮೇಳನದಲ್ಲಿ ವಿಶ್ವ ಅಂಚೆ ಒಕ್ಕೂಟ ಒಂದು ಪದ್ಧತಿ ಮಾಡಿತ್ತು. ಪರದೇಶಕ್ಕೆ ಹೋಗುವ ಅಚ್ಚಿನ ಕಾಗದಗಳ ಚೀಟಿ ಹಸಿರು, ಕಾರ್ಡಿನದು ಕೆಂಪು, ಮುಚ್ಚಿದ ಕಾಗದದ್ದು ನೀಲಿ. ಯಾವ ದೇಶದ ಗುಮಾಸ್ತನಾದರೂ ಭಾಷೆ ಬಾರದೆಯೂ ಬಣ್ಣ ನೋಡಿ ತಿಳಿಯಬಹುದು. ತುರ್ಕಿಯಲ್ಲಿ 10 ಪಾರಾ ಹಸಿರು, 20 ಪಾರಾ ಕೆಂಪು, 1 ಪಿಯಾಸ್ತರ್ ನೀಲಿ. ಇಂಡಿಯಾದಲ್ಲಿ ಅರ್ಧಾಣೆ ಹಸಿರು, ಒಂದಾಣೆ ಕೆಂಪು, ಎರಡೂವರೆ ಆಣೆ ನೀಲಿ. ಎರಡು ಶತ್ರು ದೇಶಗಳ ಚೀಟಿ ಪಕ್ಕಪಕ್ಕ ಇಟ್ಟರೆ ಬಣ್ಣ ಹೊಂದುತ್ತದೆ. ಆದ್ದರಿಂದಲೇ ಹಸಿರಿನ ಮೇಲೆ ಅರ್ಧಾಣೆ, ಕೆಂಪಿನ ಮೇಲೆ ಒಂದಾಣೆ ಚೆನ್ನಾಗಿ ಕೂತವು. ಬಾಗ್ದಾದಿನಲ್ಲಿ ನೀಲಿ ಮಾತ್ರ ಎರಡಾಣೆ ಆಯಿತು. 40 ಪಾರಾಕ್ಕೆ ಒಂದು ಪಿಯಾಸ್ತರ್. 20 ಪಾರಾ ಒಂದಾಣೆಯಾದರೆ ಪಿಯಾಸ್ತರ್ ಎರಡಾಣೆ. ಸರಳ ಲೆಕ್ಕ. ಮುಂದಿನ ವರ್ಷ ಲಂಡನ್ನಿನಲ್ಲಿ ಅಚ್ಚಾದಾಗ ಅದೇ ನೀಲಿ ಎರಡೂವರೆ ಆಣೆಯಾಯಿತು. ಆಗ ಬಣ್ಣವೂ ದರವೂ ಸರಿಹೋದವು. ಮೊದಲನೆಯದನ್ನು ಅವಸರದಲ್ಲಿ ಮಾಡಿದರು, ಎರಡನೆಯದನ್ನು ಕೂತು ಮಾಡಿದರು ಅಂತ ಇದರಿಂದಲೇ ಗೊತ್ತಾಗುತ್ತದೆ.

ಈಗ ಆ ನಾಲ್ಕನೇ ಪದಕ್ಕೆ ಬರೋಣ. ಆಕ್ಯುಪೇಷನ್.

ಇದು ಬಾಯಿಮಾತಿನ ಪದವಲ್ಲ, ಕಾನೂನಿನ ಪದ. 1907ರ ಹೇಗ್ ನಿಯಮಗಳ 42 ಮತ್ತು 43ನೇ ವಿಧಿಗಳು ಇದರ ಬಗ್ಗೆಯೇ ಇವೆ. ಶತ್ರುವಿನ ನೆಲ ನಿಮ್ಮ ಸೇನೆಯ ಕೈಗೆ ಬಂದರೆ ನಿಮಗೆ ಅಧಿಕಾರ ಬರುತ್ತದೆ, ಒಡೆತನ ಬರುವುದಿಲ್ಲ. ಅಲ್ಲಿನ ಕಾನೂನುಗಳನ್ನು, ಬೇರೆ ದಾರಿಯೇ ಇಲ್ಲದಿದ್ದರೆ ಬಿಟ್ಟು, ಹಾಗೇ ನಡೆಸಿಕೊಂಡು ಹೋಗಬೇಕು. ಊರಿನ ಹಣೆಬರಹ ತೀರ್ಮಾನ ಆಗುವುದು ಒಪ್ಪಂದದಲ್ಲಿ. ಅಲ್ಲಿಯವರೆಗೆ ನೀವು ಮನೆಯ ಕಾವಲುಗಾರ, ಯಜಮಾನ ಅಲ್ಲ. ತುರ್ಕಿಯ ಚೀಟಿಯನ್ನು ಕಸಕ್ಕೆ ಹಾಕದೆ ಅದರ ಮೇಲೇ ಅಚ್ಚು ಹಾಕಿದ್ದು ಈ ಸ್ಥಿತಿಗೆ ಸರಿಯಾಗಿ ಹೊಂದುತ್ತದೆ. ಹಳೆ ಒಡೆಯನ ಗುರುತು ಕೆಳಗಿದೆ. ಹೊಸಬರ ಅಧಿಕಾರ ಮೇಲಿದೆ. ಯಾರೂ ಯಾರನ್ನೂ ಪೂರ್ತಿ ಅಳಿಸಿಲ್ಲ.

ಹಾಗಾಗಿ ಆ ಪದದಲ್ಲಿ ಒಂದು ಪ್ರಾಮಾಣಿಕತೆ ಇದೆ ಅಂತ ನಾನು ನಂಬುತ್ತೇನೆ. ಘೋಷಣೆ ಜನರಿಗೆ ಹೇಳಿದ್ದು ಬಿಡಿಸಲು ಬಂದಿದ್ದೇವೆ ಅಂತ. ಚೀಟಿ ಹೇಳಿದ್ದು ಹಿಡಿದುಕೊಂಡಿದ್ದೇವೆ ಅಂತ. ಎರಡರಲ್ಲಿ ಚೀಟಿಯದ್ದೇ ನಿಜವಾದ ಮಾತು. ಆದರೆ ಅದನ್ನು ಯಾರಿಗೆ ಹೇಳಿತು? ಮೇಲಚ್ಚಿನಲ್ಲಿ ಅರಬ್ಬಿ ಒಂದಕ್ಷರವೂ ಇಲ್ಲ. ಬಾಗ್ದಾದಿನ ಅಂಗಡಿಯವನು ಮೊದಲಿನ ತುರ್ಕಿ ಬರಹವನ್ನು ಓದಬಲ್ಲ, ತನ್ನ ಊರಿನ ಈಗಿನ ಸ್ಥಿತಿ ಏನು ಅಂತ ಹೇಳುವ ಸಾಲನ್ನು ಓದಲಾರ. ಅದನ್ನು ಓದುವವರು ಲಂಡನ್ನಿನಲ್ಲಿ, ಮುಂಬೈಯಲ್ಲಿ, ಸಂಗ್ರಹಕಾರರ ಮನೆಗಳಲ್ಲಿ ಇದ್ದರು. ಊರಿನವರಿಗೆ ಸಿಹಿ ಮಾತು, ಹೊರಗಿನವರಿಗೆ ನಿಜದ ಮಾತು. ಈ ಪ್ರಕರಣದಲ್ಲಿ ನನಗೆ ಎಲ್ಲಕ್ಕಿಂತ ನೋವು ತರುವ ಸಂಗತಿ ಇದು.

ಬೇರೆ ಕಡೆ ಹೀಗೇ ಆಗಲಿಲ್ಲ. 1942ರಲ್ಲಿ ಬರ್ಮಾ ಜಪಾನಿಗೆ ಸಿಕ್ಕಾಗ ಅಲ್ಲಿನ ಚೀಟಿಗಳ ಮೇಲೆ ನವಿಲಿನ ಅಚ್ಚು ಹಾಕಿದರು. ನವಿಲು ಬರ್ಮಾ ಅರಸರ ಹಳೆಯ ಲಾಂಛನ. ಅದು ಎಷ್ಟೋ ಚೀಟಿಗಳಲ್ಲಿ ಸರಿಯಾಗಿ ಬ್ರಿಟಿಷ್ ದೊರೆಯ ಮುಖದ ಮೇಲೇ ಬಿತ್ತು. ಅಲ್ಲಿ ಓದು ಬಾರದವನಿಗೂ ಅರ್ಥವಾಗುವ ಹಾಗೆ ಹೇಳುವ ಉದ್ದೇಶವಿತ್ತು. ಬಾಗ್ದಾದಿನ ಅಚ್ಚಿಗೆ ಆ ಉದ್ದೇಶ ಇರಲಿಲ್ಲ.

ಬಾಗ್ದಾದ್ ಚೀಟಿಗಳ ದಾಸ್ತಾನು ಸಣ್ಣದು. ಹೆಚ್ಚು ದಿನ ಬರಲಿಲ್ಲ. ಮಾಡ್ ಕೂಡ ಆ ವರ್ಷ ಮುಗಿಯುವುದನ್ನು ನೋಡಲಿಲ್ಲ. ನವೆಂಬರ್ 18ರಂದು ಕಾಲರಾದಿಂದ ಬಾಗ್ದಾದಿನಲ್ಲೇ ತೀರಿಕೊಂಡರು.

ಮುಂದೆ ನಡೆದದ್ದು ನನಗೆ ಈಗಲೂ ಬೆರಗು. 1918ರ ಸೆಪ್ಟೆಂಬರ್‌ನಲ್ಲಿ ಹೊಸ ಸರಣಿ ಬಂತು. ಈ ಸಲ ಊರಿನ ಹೆಸರು ಹೋಗಿ ನಾಡಿನ ಹೆಸರು ಬಂತು: ಇರಾಕ್ ಇನ್ ಬ್ರಿಟಿಷ್ ಆಕ್ಯುಪೇಷನ್. ಕಾಲಾಣೆಯಿಂದ 10 ರೂಪಾಯಿವರೆಗೆ ಬೆಲೆಗಳು. ಅಚ್ಚು ಬಿದ್ದದ್ದು ಮತ್ತೆ ತುರ್ಕಿಯ 1914ರ ಚಿತ್ರಗಳ ಮೇಲೇ. ಆದರೆ ಇವು ಬಾಗ್ದಾದಿನಲ್ಲಿ ಹುಡುಕಿ ತಂದವಲ್ಲ. ತುರ್ಕಿ ಚೀಟಿಗಳ ಮೂಲ ಪ್ಲೇಟುಗಳು ಲಂಡನ್ನಿನ ಬ್ರಾಡ್‌ಬರಿ ವಿಲ್ಕಿನ್ಸನ್ ಹತ್ತಿರವೇ ಇದ್ದವಲ್ಲ. ಅವುಗಳಿಂದ ಶತ್ರುವಿನ ಚೀಟಿಯನ್ನು ಹೊಸದಾಗಿ ಅಚ್ಚು ಹಾಕಿದರು. ಆಮೇಲೆ ಅದರ ಮೇಲೆ ವಶದ ಮಾತು ಅಚ್ಚು ಹಾಕಿದರು. ತುರ್ಕಿಯ ಅಂಚೆ ಕಚೇರಿಯನ್ನು ಒಮ್ಮೆಯೂ ಕಾಣದ ತುರ್ಕಿ ಚೀಟಿಗಳು ಅವು. ಅವಸರದ ಕಾರಣ ಇಲ್ಲಿ ಹೇಳುವ ಹಾಗಿಲ್ಲ. ಲಂಡನ್ನಿನಲ್ಲಿ ಯಂತ್ರವಿತ್ತು, ಕಲಾವಿದರಿದ್ದರು, ಸಮಯವಿತ್ತು. ಆದರೂ ಹಳೆ ಒಡೆಯನ ಚಿತ್ರವೇ ಬೇಕಾಯಿತು. ವಶ ಅಂತ ತೋರಿಸಬೇಕಾದರೆ ಯಾರಿಂದ ವಶವಾಯಿತು ಅನ್ನುವುದೂ ಕಾಣಬೇಕಲ್ಲ.

ಆ ಸರಣಿಯನ್ನು ಒಂದೊಂದಾಗಿ ನೋಡಿ. ಮೂರಾಣೆ ಚೀಟಿಯಲ್ಲಿರುವುದು ಇಸ್ತಾಂಬುಲ್ಲಿನ ಸ್ವಾತಂತ್ರ್ಯ ಸ್ಮಾರಕ. 1909ರಲ್ಲಿ ಸಂವಿಧಾನದ ಪರ ಸತ್ತವರ ನೆನಪಿಗೆ ಕಟ್ಟಿದ್ದು. ಅದರ ಮೇಲೆ ವಶ ಅನ್ನುವ ಪದ. ಹನ್ನೆರಡಾಣೆಯದರಲ್ಲಿ ತುರ್ಕಿಯ ಯುದ್ಧ ಮಂತ್ರಾಲಯದ ಕಟ್ಟಡ. ಆರಾಣೆಯದರಲ್ಲಿ ಹಮೀದಿಯೆ ಅನ್ನುವ ಯುದ್ಧನೌಕೆ. ಬಾಲ್ಕನ್ ಯುದ್ಧದಲ್ಲಿ ಒಂಟಿಯಾಗಿ ಸಮುದ್ರಕ್ಕೆ ನುಗ್ಗಿ ಹೆಸರು ಮಾಡಿದ ಹಡಗು ಅದು. ಆಗ ಅದರ ಕಪ್ತಾನ ರವೂಫ್ ಬೇ. 1918ರ ಅಕ್ಟೋಬರ್ 30ರಂದು ಮುದ್ರೋಸ್ ಬಂದರಿನಲ್ಲಿ, ಬ್ರಿಟಿಷ್ ಹಡಗಿನ ಮೇಲೆ, ತುರ್ಕಿಯ ಪರವಾಗಿ ಕದನವಿರಾಮಕ್ಕೆ ಸಹಿ ಹಾಕಿದ್ದೂ ಅದೇ ರವೂಫ್. ಅವರ ಹಡಗಿನ ಚಿತ್ರದ ಮೇಲೆ ಶತ್ರುವಿನ ಅಚ್ಚು ಬಿದ್ದು ಆಗ ಎರಡು ತಿಂಗಳಾಗಿತ್ತು.

ತುರ್ಕಿ ಸರಣಿಯಲ್ಲಿ ಎಲ್ಲಕ್ಕಿಂತ ದೊಡ್ಡ ಬೆಲೆಯದು 200 ಪಿಯಾಸ್ತರ್. ಅದರಲ್ಲಿ ಸುಲ್ತಾನ್ ಐದನೇ ಮೆಹಮದ್ ಮುಖವಿತ್ತು. ಇರಾಕ್ ಸರಣಿ 100 ಪಿಯಾಸ್ತರ್‌ಗೆ, ಅಂದರೆ 10 ರೂಪಾಯಿಗೆ ನಿಂತಿತು. ಸುಲ್ತಾನನ ಮುಖಕ್ಕೆ ಅಚ್ಚು ಬೀಳಲಿಲ್ಲ.

ಉತ್ತರದ ಮೋಸೂಲ್‌ನದು ಬೇರೆಯೇ ಕತೆ. ಅಲ್ಲಿಗೆ ಬ್ರಿಟಿಷ್ ಪಡೆ ಕಾಲಿಟ್ಟದ್ದು ಕದನವಿರಾಮ ಜಾರಿಯಾದ ಮೇಲೆ, ನವೆಂಬರ್ ಮೊದಲ ದಿನಗಳಲ್ಲಿ. ಯುದ್ಧ ನಿಂತ ಮೇಲೆ ತೆಗೆದುಕೊಂಡ ಊರು ಯಾರದು? ತುರ್ಕಿ ವರ್ಷಗಟ್ಟಲೆ ಈ ಜಗಳ ಬಿಡಲಿಲ್ಲ. ರಾಷ್ಟ್ರಗಳ ಸಂಘ ತೀರ್ಪು ಕೊಟ್ಟದ್ದು 1925ರ ಕೊನೆಗೆ, ತುರ್ಕಿ ಒಪ್ಪಿದ್ದು 1926ರಲ್ಲಿ. 1919ರ ಆರಂಭದಲ್ಲಿ ಮೋಸೂಲ್‌ಗೆ ಚೀಟಿ ಬೇಕಾದಾಗ ಸಿಕ್ಕಿದ್ದು ತುರ್ಕಿಯ ರೆವಿನ್ಯೂ ಸ್ಟ್ಯಾಂಪುಗಳು. ರಸೀತಿಗೆ, ಪತ್ರಕ್ಕೆ ಅಂಟಿಸುವಂಥವು. ಅವುಗಳ ಮೇಲೆ ಪೋಸ್ಟೇಜ್ ಐ.ಇ.ಎಫ್. 'ಡಿ' ಅಂತ ಅಚ್ಚು ಹಾಕಿ ಅರ್ಧಾಣೆಯಿಂದ ಎಂಟಾಣೆವರೆಗಿನ ಬೆಲೆ ಕೊಟ್ಟರು. ಇಲ್ಲಿ ಬ್ರಿಟಿಷ್ ಅನ್ನುವ ಪದವೇ ಇಲ್ಲ, ಆಕ್ಯುಪೇಷನ್ ಇಲ್ಲ, ಊರಿನ ಹೆಸರೂ ಇಲ್ಲ. ಇರುವುದು ಇಂಡಿಯಾದ ಒಂದು ಪಡೆಯ ಹೆಸರು. ಆ ಊರಿನವರ ಪಾಲಿಗೆ ಹೊಸ ಸರ್ಕಾರದ ಗುರುತು ಅಂದರೆ ನಮ್ಮ ಹಳ್ಳಿಗಳಿಂದ ಹೋದ ಸಿಪಾಯಿಗಳ ಪಡೆ. ಸಿಪಾಯಿಗೆ ಆ ನೆಲದಲ್ಲಿ ಯಾವ ಹಕ್ಕೂ ಇರಲಿಲ್ಲ. ತನ್ನ ಊರಿನಲ್ಲೂ ಇರಲಿಲ್ಲ. ಅವನ ಪಡೆಯ ಹೆಸರು ಮಾತ್ರ ಎರಡು ದೇಶಗಳ ಜಗಳದ ನಡುವೆ ಚೀಟಿಯ ಮೇಲೆ ಉಳಿಯಿತು.

ಯುದ್ಧ ಮುಗಿಯಿತು, ಅಚ್ಚು ಮುಗಿಯಲಿಲ್ಲ. 1920ರ ಏಪ್ರಿಲ್‌ನಲ್ಲಿ ಸ್ಯಾನ್ ರೆಮೋ ಸಭೆ ಇರಾಕನ್ನು ಬ್ರಿಟನ್ನಿನ ಉಸ್ತುವಾರಿಗೆ ಕೊಟ್ಟಿತು. ಆ ಬೇಸಿಗೆಯಲ್ಲೇ ಇರಾಕಿನ ಜನ ದಂಗೆಯೆದ್ದರು. ಅದೇ ವರ್ಷ ಸರ್ಕಾರಿ ಕಾಗದಗಳಿಗಾಗಿ ಅದೇ ಚೀಟಿಗಳ ಮೇಲೆ ಆನ್ ಸ್ಟೇಟ್ ಸರ್ವಿಸ್ ಅಂತ ಇನ್ನೊಂದು ಸಾಲು ಸೇರಿತು. ವಶ ಅನ್ನುವುದೂ ಅಲ್ಲೇ, ಸರ್ಕಾರ ಅನ್ನುವುದೂ ಅಲ್ಲೇ. 1921ರ ಆಗಸ್ಟ್ 23ರಂದು ಫೈಸಲ್ ದೊರೆಯ ಪಟ್ಟ ಆಯಿತು. ನಾಡಿಗೆ ಅರಸ ಬಂದ, ಮಂತ್ರಿಗಳು ಬಂದರು. ಬಾಗ್ದಾದಿನ ಅಂಚೆ ಕಚೇರಿಯಲ್ಲಿ ಮಾತ್ರ ಬ್ರಿಟಿಷರ ವಶದಲ್ಲಿರುವ ಇರಾಕ್ ಅನ್ನುವ ಚೀಟಿಯೇ ಮಾರಾಟ. 1921ರಲ್ಲಿ ಬ್ರಿಟಿಷ್ ವಸಾಹತುಗಳಿಗೆ ಚೀಟಿ ಅಚ್ಚು ಹಾಕಿಸುತ್ತಿದ್ದ ಕ್ರೌನ್ ಏಜೆಂಟ್ಸ್ ಕಚೇರಿಯ ನೀರುಗುರುತಿನ ಕಾಗದದ ಮೇಲೆ ಹೊಸದಾಗಿ ಅಚ್ಚು ಹಾಕಿಸಿದ್ದೂ ಉಂಟು. ತಾತ್ಕಾಲಿಕ ಅಂತ ಕಾನೂನು ಹೇಳಿದ ಸ್ಥಿತಿಗೆ ಹೊಸ ಕಾಗದ, ಹೊಸ ನೀರುಗುರುತು. ಇರಾಕ್ ಅಂತಷ್ಟೇ ಬರೆದ ಸ್ವಂತ ಚೀಟಿ ಬಂದದ್ದು 1923ರಲ್ಲಿ. ಟೈಗ್ರಿಸ್ ನದಿಯ ಗುಫಾ ದೋಣಿಗಳು, ಟೆಸಿಫೋನ್‌ನ ಹಳೆ ಕಮಾನು, ಕಾಜಿಮೈನ್ ಮಸೀದಿ, ಖರ್ಜೂರದ ಮರ. ಮೊದಲ ಸಲ ಆ ನಾಡಿನ ಚೀಟಿಯಲ್ಲಿ ಆ ನಾಡು ಕಂಡಿತು.

ಇವನ್ನು ಕೂಡಿಡಬೇಕು ಅಂತ ಆಸೆ ಪಡುವವರಿಗೆ ಒಂದು ಮಾತು ಹೇಳಲೇಬೇಕು. 1918ರ ಸರಣಿಯ ಸಣ್ಣ ಬೆಲೆಯ ಚೀಟಿಗಳು ಸುಲಭವಾಗಿ ಸಿಗುತ್ತವೆ. 1917ರ ಬಾಗ್ದಾದ್ ಚೀಟಿಗಳು ಹಾಗಲ್ಲ. ಅಸಲಿಗಿಂತ ನಕಲಿಯೇ ಜಾಸ್ತಿ ಕಣ್ಣಿಗೆ ಬೀಳುತ್ತವೆ. ತುರ್ಕಿಯ ಹಳೆ ಚೀಟಿ ಅಗ್ಗ. ಅದರ ಮೇಲೆ ನಾಲ್ಕು ಪದ ಒತ್ತಿದರೆ ಬೆಲೆ ನೂರಾರು ಪಟ್ಟು ಏರುತ್ತದೆ. ಹಲವು ವರ್ಷಗಳ ಹಿಂದೆ ಒಂದು ಪ್ರದರ್ಶನದಲ್ಲಿ ಒಬ್ಬ ವ್ಯಾಪಾರಿಯ ಹತ್ತಿರ ನಾನೂ ಒಂದು ಕೊಂಡೆ. ಕೆಂಪು ಬಣ್ಣದ ಒಂದಾಣೆ. ಮನೆಗೆ ಬಂದು ದೀಪದ ಕೆಳಗೆ ಭೂತಗನ್ನಡಿ ಹಿಡಿದು ನೋಡಿದಾಗ ಹೊಟ್ಟೆಯಲ್ಲಿ ಏನೋ ಕಲಸಿದ ಹಾಗಾಯಿತು. ಅಂಚೆ ಮೊಹರಿನ ಗೆರೆಯ ಮೇಲೆ ಮೇಲಚ್ಚಿನ ಶಾಯಿ ಕೂತಿತ್ತು. ಇರಬೇಕಾದ್ದು ಉಲ್ಟಾ. ಮೊದಲು ಮೇಲಚ್ಚು, ಆಮೇಲೆ ಮಾರಾಟ, ಆಮೇಲೆ ಮೊಹರು. ಮೊಹರು ಮೇಲಿರಬೇಕು. ಆ ಮೊಹರನ್ನೇ ಗಮನಿಸಿದರೆ ಅರಬ್ಬಿ ಅಂಕಿಯಲ್ಲಿ ತುರ್ಕಿ ಕಾಲದ ತಾರೀಕು. ಯುದ್ಧಕ್ಕೆ ಮುಂಚೆ ಯಾವುದೋ ಕಾಗದ ಸಾಗಿಸಿ ಮುಗಿಸಿದ್ದ ಚೀಟಿಯ ಮೇಲೆ ಎಷ್ಟೋ ಕಾಲದ ನಂತರ ಯಾರೋ ಅಚ್ಚು ಒತ್ತಿದ್ದರು.

ಆ ಚೀಟಿಯನ್ನು ನಾನು ಎಸೆದಿಲ್ಲ. ಅಸಲಿನ ಪಕ್ಕದಲ್ಲೇ ಇಟ್ಟಿದ್ದೇನೆ. ಅಸಲಿ ಯಾವುದು ಅಂತ ಕಲಿಯಲು ಬರುವ ಹುಡುಗರಿಗೆ ಮೊದಲು ಅದನ್ನೇ ಕೊಡುತ್ತೇನೆ. ನೋಡಲು ಹೇಳುವುದು ಮೂರೇ: ಶಾಯಿಗಳಲ್ಲಿ ಯಾವುದು ಮೇಲೆ, ಮೊಹರಿನ ತಾರೀಕು 1917ರ ಸೆಪ್ಟೆಂಬರ್‌ಗಿಂತ ಮುಂಚಿನದೋ ನಂತರದ್ದೋ, ಅಕ್ಷರದ ಆಕಾರ ನಂಬಿಕೆಯ ಕ್ಯಾಟಲಾಗಿನ ಚಿತ್ರಕ್ಕೆ ಹೊಂದುತ್ತದೋ ಇಲ್ಲವೋ. ದುಬಾರಿಯದಾದರೆ ತಜ್ಞರ ಪ್ರಮಾಣಪತ್ರ ಇಲ್ಲದೆ ಮುಟ್ಟಬೇಡಿ.

ಇನ್ನು ಆಣೆಯ ವಿಷಯ. ಸ್ವಂತ ಚೀಟಿ ಬಂದ ಮೇಲೂ ಇರಾಕಿನಲ್ಲಿ ಲೆಕ್ಕ ನಡೆಯುತ್ತಿದ್ದದ್ದು ಆಣೆ ರೂಪಾಯಿಯಲ್ಲೇ. 1931ರಲ್ಲಿ ಫೈಸಲ್ ದೊರೆಯ ಮುಖದ ಚೀಟಿಗಳು ಬಂದಾಗಲೂ ಬೆಲೆ ಆಣೆಯಲ್ಲೇ ಇತ್ತು. 1932ರ ಏಪ್ರಿಲ್ 1ರಂದು ಇರಾಕ್ ತನ್ನದೇ ದಿನಾರ್ ಜಾರಿಗೆ ತಂದಿತು. ಒಂದು ದಿನಾರಿಗೆ ಹದಿಮೂರೂ ಮೂರನೇ ಒಂದು ರೂಪಾಯಿ. ದಿನಾರಿನ ಸಾವಿರದಲ್ಲೊಂದು ಭಾಗ ಫಿಲ್ಸ್. ಹೊಸ ಬೆಲೆಯ ಚೀಟಿಗಳು ಇನ್ನೂ ಸಿದ್ಧವಾಗಿರಲಿಲ್ಲ. ದೊರೆಯ ಚೀಟಿಗಳನ್ನು ತೆಗೆದುಕೊಂಡು ಅವುಗಳ ಮೇಲೆ ಫಿಲ್ಸ್ ಅಂತ ಅಚ್ಚು ಹಾಕಿದರು. ಹದಿನೈದು ವರ್ಷದ ಹಿಂದೆ ಪಾರಾದ ಮೇಲೆ ಆಣೆ ಬಿದ್ದಿತ್ತು. ಈಗ ಆಣೆಯ ಮೇಲೆ ಫಿಲ್ಸ್ ಬಿತ್ತು. ಈ ಸಲ ಅಚ್ಚು ಹಾಕಿಸಿದವರು ಆ ಊರಿನವರೇ.